ದಾಯಾದಿ ಮತ್ಸರ ಮತ್ತು ನೆಲದಡಿಯ ನೀರು



ಪರಿಸರ ಹಾಳಾಗುತ್ತಿರುವ ಮಾತು ಬಂದಾಗಲೆಲ್ಲ ನಾವು ದುರಾಸೆಯನ್ನು ದೂರುತ್ತೇವೆ. ಕಾಡು ಕಡಿದವನದು ದುರಾಸೆ, ಮರಳು ತೆಗೆದವನದು ದುರಾಸೆ, ಗುಡ್ಡ ಬಗೆದವನದು ದುರಾಸೆ. ದೂರಿನಲ್ಲಿ ಸುಳ್ಳಿಲ್ಲ. ಆದರೆ ಹಿರಿಯರು ಎಣಿಸಿಟ್ಟ ಅರಿಷಡ್ವರ್ಗದಲ್ಲಿ ಲೋಭ ಮೂರನೆಯದು. ಆರನೆಯದಾದ ಮತ್ಸರದ ಕಡೆಗೆ ನಮ್ಮ ಪರಿಸರ ಚಿಂತನೆ ಅಷ್ಟಾಗಿ ತಿರುಗಿ ನೋಡಿಲ್ಲ. ಲೋಭಿಗೆ ಬೇಕಾದದ್ದು ವಸ್ತು. ಮತ್ಸರಿಯನ್ನು ಕಾಡುವುದು ಆ ವಸ್ತು ಇನ್ನೊಬ್ಬನಲ್ಲಿದೆ ಎಂಬ ಸಂಗತಿ. ತನಗೆ ಎಷ್ಟು ಬೇಕು ಎಂಬುದನ್ನು ಅವನು ತನ್ನ ಮನೆಯ ಅಗತ್ಯದಿಂದ ಅಳೆಯುವುದಿಲ್ಲ, ಪಕ್ಕದವನ ಹೊಲದಿಂದ ಅಳೆಯುತ್ತಾನೆ. ಪಕ್ಕದವನೂ ಹಾಗೆಯೇ ಅಳೆಯತೊಡಗಿದರೆ ಇಬ್ಬರಿಗೂ ಸಾಕೆನ್ನುವ ಗಳಿಗೆ ಬರುವುದೇ ಇಲ್ಲ. ನೆಲ, ನೀರು, ಕಾಡುಗಳಿಗೋ ಒಂದು ಮಿತಿಯಿದೆ. ಮಿತಿಯುಳ್ಳ ವಸ್ತುವಿನ ಮೇಲೆ ಮಿತಿಯಿಲ್ಲದ ಪೈಪೋಟಿ ಬಿದ್ದಾಗ ಏನಾಗುತ್ತದೆ, ಅದಕ್ಕೆ ಪರಿಹಾರ ಎಲ್ಲಿದೆ ಎಂಬುದು ಇಂದಿನ ನನ್ನ ಉಪನ್ಯಾಸದ ವಿಷಯ. ಉದಾಹರಣೆಯಾಗಿ ಬಯಲುಸೀಮೆಯ ಅಂತರ್ಜಲವನ್ನು ಆರಿಸಿಕೊಂಡಿದ್ದೇನೆ.

ಖಾಂಡವದ ಬೂದಿ

ಮತ್ಸರದ ಕಥೆ ಎಂದರೆ ನಮಗೆ ಮೊದಲು ನೆನಪಾಗುವುದು ಮಹಾಭಾರತ. ಆ ಮತ್ಸರದ ಬುಡದಲ್ಲಿ ಒಂದು ಸುಟ್ಟ ಕಾಡಿದೆ ಎಂಬುದನ್ನು ಮಾತ್ರ ನಾವು ಮರೆತುಬಿಡುತ್ತೇವೆ. ಆದಿಪರ್ವದ ಕೊನೆಯಲ್ಲಿ ಅಗ್ನಿಗೆ ಖಾಂಡವವನ ಆಹುತಿಯಾಗುತ್ತದೆ. ಇಂದ್ರ ಮಳೆ ಸುರಿಸಿ ಕಾಡನ್ನು ಉಳಿಸಲು ನೋಡುತ್ತಾನೆ, ಅರ್ಜುನ ಬಾಣಗಳಿಂದ ಆ ಮಳೆಯನ್ನೇ ತಡೆಯುತ್ತಾನೆ. ಓಡಿಹೋಗಲು ಹವಣಿಸಿದ ಪ್ರಾಣಿಪಕ್ಷಿಗಳನ್ನು ಬೆಂಕಿಗೇ ಅಟ್ಟಲಾಗುತ್ತದೆ. ಪಾರಾದವರು ಬೆರಳೆಣಿಕೆಯಷ್ಟು: ತಕ್ಷಕನ ಮಗ ಅಶ್ವಸೇನ, ನಾಲ್ಕು ಶಾರ್ಙ್ಗಕ ಹಕ್ಕಿಮರಿಗಳು, ಮತ್ತೆ ದಾನವಶಿಲ್ಪಿ ಮಯ. ಜೀವ ಉಳಿಸಿದ್ದಕ್ಕೆ ಋಣ ತೀರಿಸಲೆಂದು ಮಯ ಹದಿನಾಲ್ಕು ತಿಂಗಳಲ್ಲಿ ಪಾಂಡವರಿಗೆ ಸಭಾಭವನ ಕಟ್ಟಿಕೊಡುತ್ತಾನೆ. ನೆಲವನ್ನು ನೀರೆಂದೂ ನೀರನ್ನು ನೆಲವೆಂದೂ ಭ್ರಮಿಸಿ ದುರ್ಯೋಧನ ಮುಗ್ಗರಿಸುವುದು ಅಲ್ಲಿಯೇ.

ಹಸ್ತಿನಾವತಿಯಲ್ಲಿ ದುರ್ಯೋಧನನಿಗೆ ಏನು ಕಡಿಮೆಯಿತ್ತು? ಆನೆ, ಕುದುರೆ, ಭಂಡಾರ, ತಮ್ಮಂದಿರು ಎಲ್ಲವೂ ಇತ್ತು. ಆದರೂ ಊರಿಗೆ ಮರಳಿದವನಿಗೆ ಊಟ ರುಚಿಸದು, ನಿದ್ದೆ ಹತ್ತದು. ಮುಂದೆ ಜೂಜು, ವನವಾಸ, ಯುದ್ಧ. ಇರಾವತಿ ಕರ್ವೆಯವರು ‘ಯುಗಾಂತ’ದಲ್ಲಿ ಮಯನ ಅರಮನೆಗೆಂದೇ ಒಂದು ಅಧ್ಯಾಯ ಮೀಸಲಿಟ್ಟು, ಕಾಡನ್ನು ಸುಟ್ಟ ಈ ಪ್ರಸಂಗದ ಕ್ರೌರ್ಯವನ್ನು ಎದುರಿಗಿಟ್ಟು ನೋಡಿದ್ದಾರೆ. ಕಥೆ ಕಾಡನ್ನೂ ಮರೆಯುವುದಿಲ್ಲ. ಅಂದು ತಪ್ಪಿಸಿಕೊಂಡ ಅಶ್ವಸೇನ ಕರ್ಣಪರ್ವದಲ್ಲಿ ಸರ್ಪಾಸ್ತ್ರವಾಗಿ ಅರ್ಜುನನ ಕೊರಳಿಗೇ ಗುರಿಯಿಟ್ಟು ಬರುತ್ತಾನೆ. ಕಾಡು ಸುಟ್ಟಲ್ಲಿ ವೈಭವ ಎದ್ದಿತು, ವೈಭವವನ್ನು ಕಂಡು ಮತ್ಸರ ಎದ್ದಿತು, ಮತ್ಸರದಿಂದ ಕುಲವೇ ನಾಶವಾಯಿತು. ಪ್ರಕೃತಿಗೆ ಬಿದ್ದ ಪೆಟ್ಟು ಮತ್ತು ಮನುಷ್ಯರ ನಡುವಿನ ಕಿಚ್ಚು ಎರಡೂ ಒಂದೇ ಎಳೆಯಲ್ಲಿ ಪೋಣಿಸಿಕೊಂಡಿವೆ ಎಂಬುದನ್ನು ಈ ದೇಶದ ಕವಿಗಳು ಅಷ್ಟು ಹಿಂದೆಯೇ ಕಂಡಿದ್ದರು.

ಸರೀಕರ ನಡುವೆ

ಕೌರವ ಪಾಂಡವರು ದಾಯಾದಿಗಳು. ಹೊಟ್ಟೆಕಿಚ್ಚು ದೂರದವರ ಮೇಲೆ ಹುಟ್ಟುವುದಿಲ್ಲ. ವಯಸ್ಸು, ವಂಶ, ಅಂತಸ್ತಿನಲ್ಲಿ ತಮಗೆ ಸಮನಾದವರನ್ನು ಕಂಡೇ ಜನ ಕರುಬುತ್ತಾರೆ ಎಂದು ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ತನ್ನ ‘ರೆಟರಿಕ್’ ಗ್ರಂಥದಲ್ಲಿ ಬಿಡಿಸಿ ಹೇಳಿದ್ದಾನೆ. ನಮ್ಮ ಹಳ್ಳಿಗಳಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಮುಂಬೈಯ ಕೋಟ್ಯಧೀಶನ ಬಂಗಲೆಯ ಸುದ್ದಿ ಓದಿ ನಮ್ಮ ರೈತನ ನಿದ್ದೆ ಕೆಡುವುದಿಲ್ಲ. ಒಂದೇ ತಾತನ ಆಸ್ತಿಯಲ್ಲಿ ಪಾಲು ತೆಗೆದುಕೊಂಡ ಅಣ್ಣತಮ್ಮಂದಿರ ಮಕ್ಕಳಲ್ಲಿ ಒಬ್ಬನ ಬೋರಿಗೆ ಎರಡಿಂಚು ನೀರು ಬಿದ್ದು, ಇನ್ನೊಬ್ಬನ ಹೊಲ ಒಣಗಿ ನಿಂತರೆ ಕೆಡುತ್ತದೆ.

ಊರಿನ ಗೋಮಾಳ, ಗುಂಡುತೋಪು, ಕೆರೆಯಂಗಳಗಳು ಕರಗಿಹೋದದ್ದೂ ಬಹುಪಾಲು ಇದೇ ದಾರಿಯಲ್ಲಿ. ಮೊದಲನೆಯವನು ಬೇಲಿಯನ್ನು ನಾಲ್ಕು ಮಾರು ಮುಂದಕ್ಕೆ ಸರಿಸುತ್ತಾನೆ. ಎರಡನೆಯವನಿಗೆ ಆ ನೆಲದ ಅಗತ್ಯವೇನೂ ಇರಲಿಲ್ಲ, “ಅವನು ಮಾಡಿಕೊಂಡಮೇಲೆ ನಾನ್ಯಾಕೆ ಸುಮ್ಮನಿರಲಿ” ಎಂಬ ಒಂದೇ ಮಾತಿಗೆ ಅವನೂ ಸರಿಸುತ್ತಾನೆ. ಮೂರನೆಯವನ ಹೊತ್ತಿಗೆ ಅದು ಊರಿನ ರೂಢಿಯಾಗಿರುತ್ತದೆ. ಒತ್ತುವರಿ ಮಾಡದವನೇ ಕೈಲಾಗದವನು ಎನ್ನಿಸಿಕೊಳ್ಳುತ್ತಾನೆ. ಎಲ್ಲರಿಗೂ ಸೇರಿದ ನೆಲದ ಮೇಲೆ ಒಬ್ಬೊಬ್ಬರ ಕಣ್ಣು ಇನ್ನೊಬ್ಬರ ಮೇಲೆ ನೆಟ್ಟಿದ್ದು, ತಡೆಯುವವರು ಯಾರೂ ಇಲ್ಲದಿದ್ದರೆ ಆಗುವುದೇ ಇದು.

ಬೋರಿನ ಲಾರಿ ಬಂದ ರಾತ್ರಿ

ಈಗ ನೀರಿಗೆ ಬರೋಣ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್, ಪೆನ್ನಾರ್‌ಗಳು ಈ ಸೀಮೆಯ ಬೆಟ್ಟಗಳಲ್ಲೇ ಹುಟ್ಟಿದರೂ ಇಲ್ಲಿ ಅವು ಮಳೆಗಾಲದ ಹಳ್ಳಗಳಷ್ಟೇ. 700 ಮಿಲಿಮೀಟರ್ ಆಸುಪಾಸಿನ ಮಳೆಯನ್ನೇ ಹಿಡಿದಿಟ್ಟು ಬಾಳಬೇಕಾಗಿದ್ದರಿಂದ ಹಿಂದಿನವರು ಕೆರೆ ಕಟ್ಟಿದರು. ಅವಿಭಜಿತ ಕೋಲಾರ ಜಿಲ್ಲೆಯೊಂದರಲ್ಲೇ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ಕೆರೆಯ ಕೆಳಗೆ ತೆರೆದ ಬಾವಿಗಳು, ಬಾವಿಯ ಮೇಲೆ ಕಪಿಲೆ. ಎತ್ತು ದಣಿದರೆ ನೀರೆತ್ತುವುದೂ ನಿಲ್ಲುತ್ತಿತ್ತು, ಬಾವಿಗೆ ಮತ್ತೆ ಒಸರು ತುಂಬಲು ಬಿಡುವು ಸಿಗುತ್ತಿತ್ತು. ಕರೆಂಟು ಬಂತು, ಪಂಪ್‌ಸೆಟ್ ಬಂತು, ತೆರೆದ ಬಾವಿಗಳು ಒಣಗಿದವು, ಕೊಳವೆಬಾವಿಗಳು ಬಂದವು. ಇನ್ನೂರು ಅಡಿಗೆ ಸಿಗುತ್ತಿದ್ದ ನೀರಿಗೆ ಇಂದು ಸಾವಿರ, ಸಾವಿರದೈನೂರು ಅಡಿ ಇಳಿಯಬೇಕಾಗಿದೆ. ಅಷ್ಟು ಆಳದಿಂದ ಬರುವ ನೀರಿನಲ್ಲಿ ಎಷ್ಟೋ ಊರುಗಳಲ್ಲಿ ಫ್ಲೋರೈಡ್ ಬೆರೆತಿರುತ್ತದೆ. ಮಕ್ಕಳ ಹಲ್ಲು, ಹಿರಿಯರ ಮೂಳೆ ಅದರ ಬೆಲೆ ತೆರುತ್ತಿವೆ.

ಬೋರು ಕೊರೆಯುವ ರಾತ್ರಿಯನ್ನು ಆ ಸೀಮೆಯವರೆಲ್ಲ ಕಂಡಿದ್ದಾರೆ. ತೆಂಗಿನಕಾಯಿಯನ್ನೋ ಬೇವಿನ ಕವಲನ್ನೋ ಹಿಡಿದು ನಡೆದವರು ಪಾಯಿಂಟ್ ತೋರಿಸಿ ಹೋಗಿರುತ್ತಾರೆ. ತಮಿಳುನಾಡು ನೋಂದಣಿಯ ಲಾರಿ ಹೊಲಕ್ಕಿಳಿದು ನಿಲ್ಲುತ್ತದೆ. ಅರಿಶಿನ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಕಾಯಿ ಒಡೆದು ಶುರುಮಾಡುತ್ತಾರೆ. ಮೊದಮೊದಲು ಕೆಂಪು ಮಣ್ಣು ಏಳುತ್ತದೆ. ಆಮೇಲೆ ಬಿಳಿಬೂದು ಕಲ್ಲಿನ ಪುಡಿ ಗಿಡಗಂಟಿಗಳ ಮೇಲೆಲ್ಲ ಕೂರುತ್ತದೆ. ರಾಡಿನ ಮೇಲೆ ರಾಡು ಇಳಿಯುತ್ತದೆ. ಅಡಿಗಿಷ್ಟು ಎಂಬ ಲೆಕ್ಕದಲ್ಲಿ ಸಾಲ ಬೆಳೆಯುತ್ತಿರುತ್ತದೆ. ಹೆಂಗಸರು ಕಂಬಳಿ ಹೊದ್ದು ದೂರ ಕೂತು ಪುಡಿಯಲ್ಲಿ ತೇವ ಕಾಣುತ್ತದೆಯೇ ಎಂದು ಕಾಯುತ್ತಿರುತ್ತಾರೆ. ಬದುವಿನ ಆಚೆ ಪಕ್ಕದ ಹೊಲದವನು ಬಂದು ನಿಲ್ಲುತ್ತಾನೆ.

“ಎಷ್ಟಾಯ್ತಪ್ಪ?” “ಎಂಟುನೂರಣ್ಣ.” “ನೀರು?” “ಇನ್ನೂ ಇಲ್ಲಣ್ಣ.”

ನೀರು ಬಿದ್ದರೆ ಮುಂದಿನ ವಾರ ಅದೇ ಲಾರಿ ಪಕ್ಕದ ಹೊಲದಲ್ಲಿ ನಿಂತಿರುತ್ತದೆ, ಇವನಿಗಿಂತ ನೂರಡಿ ಆಳಕ್ಕೆ ಹೋಗಲು. ಹೆಂಡತಿಯ ಓಲೆ ಅಡವಿಟ್ಟಾದರೂ ಸರಿ. ಬೆಳೆಯ ಲೆಕ್ಕ ಹಾಕಿ ನೋಡಿದರೆ ಆ ಸಾಲ ತೀರುವಂಥದ್ದಲ್ಲ. ಅದು ಅವನಿಗೂ ಗೊತ್ತು. ಆದರೆ ಸರೀಕನ ಹೊಲದಲ್ಲಿ ಟೊಮೆಟೊ ಹಸಿರಾಗಿರುವಾಗ ತನ್ನ ಹೊಲ ಬೀಳು ಬಿದ್ದಿದೆ ಎಂಬ ಅವಮಾನವನ್ನು ಯಾವ ಲೆಕ್ಕದಲ್ಲಿ ಹಾಕುವುದು?

ಇಲ್ಲಿ ನೆಲದ ಸ್ವಭಾವವನ್ನು ಅರಿಯಬೇಕು. ನಮ್ಮ ಬಯಲುಸೀಮೆಯ ಬುಡದಲ್ಲಿರುವುದು ನೈಸ್, ಗ್ರಾನೈಟ್‌ನಂಥ ಗಟ್ಟಿ ಕಲ್ಲು. ಮೇಲಿನ ಮುರುಕಲು ಪದರ ದಾಟಿದರೆ ನೀರಿರುವುದು ಕಲ್ಲಿನ ಬಿರುಕುಗಳಲ್ಲಿ ಮಾತ್ರ. ಆ ಬಿರುಕುಗಳು ಒಂದಕ್ಕೊಂದು ಕೂಡಿಕೊಂಡಿರುತ್ತವೆ, ಸರ್ವೆ ನಂಬರು ನೋಡಿ ನಿಲ್ಲುವುದಿಲ್ಲ. ಒಬ್ಬ ಎಳೆದರೆ ಇನ್ನೊಬ್ಬನ ಬೋರಿನಲ್ಲಿ ನೀರು ಇಳಿಯುತ್ತದೆ. ಇಬ್ಬರು ದಾಯಾದಿಗಳು ಎರಡು ಬೋರು ಹಾಕಿ ಹಠದಿಂದ ಎಳೆಯುತ್ತಿರುವುದು ಒಂದೇ ಬಟ್ಟಲಿನ ನೀರನ್ನು. ಕಾನೂನು ಕೂಡ ಈ ಹಠದ ಪರವಾಗಿಯೇ ನಿಂತಿತ್ತು. 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ ತನ್ನ ಜಮೀನಿನ ಅಡಿಯ ನೀರನ್ನು ಎತ್ತಿಕೊಳ್ಳುವುದು ಭೂಮಾಲೀಕನ ಹಕ್ಕು. ಕರ್ನಾಟಕ 2011ರಲ್ಲಿ ಅಂತರ್ಜಲ ನಿಯಂತ್ರಣ ಕಾಯ್ದೆ ತಂದು ಅಧಿಸೂಚಿತ ಪ್ರದೇಶಗಳಲ್ಲಿ ಅನುಮತಿ ಕಡ್ಡಾಯ ಮಾಡಿದರೂ ಹಕ್ಕಿನ ಹಳೆಯ ಭಾವನೆ ಮನಸ್ಸಿನಿಂದ ಹೋಗಿಲ್ಲ. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ 2008ರಿಂದ ವಿದ್ಯುತ್ ಉಚಿತ. ಕರೆಂಟು ಬಂದ ಕ್ಷಣ ಪಂಪು ತಾನೇ ಹೊರಡಲೆಂದು ಆಟೋ ಸ್ಟಾರ್ಟರ್ ಹಾಕಿರುತ್ತಾರೆ. ಬೆಳೆಗೆ ಬೇಕೋ ಬೇಡವೋ, ರಾತ್ರಿ ಎರಡು ಗಂಟೆಗೆ ಇಡೀ ಬಯಲಿನ ಮೋಟಾರುಗಳು ಒಟ್ಟಿಗೆ ಗುಂಯ್‌ಗುಟ್ಟುತ್ತವೆ. ನಾನು ನಿಲ್ಲಿಸಿದರೆ ಪಕ್ಕದವನು ಎಳೆದುಕೊಳ್ಳುತ್ತಾನೆ ಎಂಬ ಭಯ ಎಲ್ಲರಿಗೂ. ಜಗತ್ತಿನಲ್ಲಿ ಅತಿ ಹೆಚ್ಚು ಅಂತರ್ಜಲ ಬಳಸುವ ದೇಶ ನಮ್ಮದು, ಒಟ್ಟು ಬಳಕೆಯ ಸುಮಾರು ಕಾಲುಭಾಗ ನಮ್ಮದೇ ಎಂಬುದಕ್ಕೆ ಇಂಥ ಲಕ್ಷಾಂತರ ರಾತ್ರಿಗಳೂ ಕಾರಣ.

ತೂಬಿನ ಬಳಿಯ ನ್ಯಾಯ

ಹಾಗಾದರೆ ಹಿಂದಿನವರಿಗೆ ಮತ್ಸರ ಇರಲಿಲ್ಲವೇ? ಧಾರಾಳವಾಗಿ ಇತ್ತು. ಅವರು ಅದಕ್ಕೆ ಒಂದು ಕಟ್ಟು ಹಾಕಿದ್ದರು. ಕೆರೆಯ ನೀರು ತೂಬಿನಿಂದ ಹೊರಟು ಕಾಲುವೆಯಲ್ಲಿ ಎಲ್ಲರ ಕಣ್ಣೆದುರು ಹರಿಯುತ್ತಿತ್ತು. ತೂಬು ಎತ್ತುವ, ಇಳಿಸುವ ಅಧಿಕಾರ ನೀರುಗಂಟಿಗೆ. ಸನಿಕೆ ಹಿಡಿದು ಕಾಲುವೆಯುದ್ದಕ್ಕೂ ನಡೆದು, ಒಬ್ಬರ ಗದ್ದೆಗೆ ಸಾಕಾದೊಡನೆ ಮಡೆಗೆ ಮಣ್ಣು ಕೊಟ್ಟು ಮುಂದಿನವರದನ್ನು ಬಿಡಿಸುತ್ತಿದ್ದ. ಸುಗ್ಗಿಯಲ್ಲಿ ಕಣದಲ್ಲೇ ಅವನ ಪಾಲಿನ ಧಾನ್ಯ ಸಲ್ಲುತ್ತಿತ್ತು. ಕೆರೆ ಅರೆ ತುಂಬಿದ ವರ್ಷ ಕೆಲವೆಡೆ ತೂಬಿಗೆ ಹತ್ತಿರದ ಗದ್ದೆಗಳನ್ನಷ್ಟೇ ಬೆಳೆಗೆ ಹಿಡಿದು, ಆ ನೆಲವನ್ನೇ ಆ ವರ್ಷದ ಮಟ್ಟಿಗೆ ಎಲ್ಲ ಅಚ್ಚುಕಟ್ಟುದಾರರಿಗೂ ಪಾಲು ಹಾಕಿಕೊಳ್ಳುತ್ತಿದ್ದರು. ಶ್ರೀಲಂಕಾದ ಕೆರೆ ಊರುಗಳಲ್ಲಿ ಇದೇ ಪದ್ಧತಿಗೆ ‘ಬೆತ್ಮ’ ಎಂಬ ಹೆಸರಿದೆ. ಬರವೂ ಎಲ್ಲರದು, ಬೆಳೆಯೂ ಎಲ್ಲರದು. ಕರುಬಲು ಕಾರಣವೇ ಸಿಗದಂತೆ ಪಾಲು ಮಾಡುವುದು ಅದರ ಗುಟ್ಟು.

ಈ ವ್ಯವಸ್ಥೆಯನ್ನು ಸ್ವರ್ಗವೆಂದು ಬಣ್ಣಿಸುವ ತಪ್ಪು ಮಾಡಬಾರದು. ನೀರುಗಂಟಿಗಳು ಬಹುತೇಕ ದಲಿತ ಸಮುದಾಯದವರು. ಊರಿಗೆಲ್ಲ ನೀರು ಹಂಚಿದವರಿಗೆ ಊರಿನ ಬಾವಿಯಲ್ಲಿ ನೀರು ಸೇದುವ ಹಕ್ಕು ಇರಲಿಲ್ಲ. ಅಚ್ಚುಕಟ್ಟಿನಲ್ಲಿ ಜಮೀನು ಇದ್ದವರ ನಡುವೆ ಸಮಪಾಲು ಇತ್ತು, ಜಮೀನೇ ಇಲ್ಲದವರಿಗೆ ಪಾಲೇ ಇರಲಿಲ್ಲ. ಆ ಕಟ್ಟಿನ ಬುದ್ಧಿಯನ್ನು ಉಳಿಸಿಕೊಂಡು ಅದರ ಅನ್ಯಾಯವನ್ನು ಬಿಡುವುದು ನಮ್ಮ ಹೊಣೆ.

ಆ ಬುದ್ಧಿ ಯಾವುದು? ಸ್ಪೇನಿನ ವೆಲೆನ್ಸಿಯದ ಉದಾಹರಣೆ ಅದನ್ನು ಸ್ಪಷ್ಟ ಮಾಡುತ್ತದೆ. ಅಲ್ಲಿ ಶತಮಾನಗಳಿಂದ ರೈತರೇ ಆರಿಸಿದ ನೀರಿನ ನ್ಯಾಯಮಂಡಳಿಯೊಂದು ಪ್ರತಿ ಗುರುವಾರ ಮಧ್ಯಾಹ್ನ ನಗರದ ಮಹಾಚರ್ಚಿನ ಬಾಗಿಲಲ್ಲಿ ಕೂತು ನೀರಿನ ತಂಟೆಗಳನ್ನು ತೀರಿಸುತ್ತದೆ. ಎಲ್ಲವೂ ಬಾಯಿಮಾತಿನಲ್ಲಿ, ಎಲ್ಲರ ಎದುರು. 2009ರಲ್ಲಿ ಯುನೆಸ್ಕೊ ಅದನ್ನು ಮಾನವಕುಲದ ಪರಂಪರೆ ಎಂದು ಮನ್ನಿಸಿತು. ಅದೇ ವರ್ಷ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನರ್ ಆಸ್ಟ್ರಂ 1990ರ ತಮ್ಮ ಪುಸ್ತಕದಲ್ಲಿ ಈ ಕಾಲುವೆಗಳ ಬಗ್ಗೆ ಒಂದು ಸೂಕ್ಷ್ಮವನ್ನು ಗುರುತಿಸಿದ್ದಾರೆ. ಸರದಿಯ ನೀರಾವರಿಯಲ್ಲಿ ಮುಂದಿನ ಸರದಿಯವನು ಈಗಿನವನ ಮಡೆಯ ಬಳಿಯೇ ಕಾಯುತ್ತಾನೆ. ಹೊತ್ತು ಮೀರಿ ಒಂದು ಗಳಿಗೆ ನೀರು ಹರಿದರೂ ಅವನಿಗೆ ಗೊತ್ತಾಗುತ್ತದೆ. ಕಾವಲಿನ ಕೆಲಸ ಬಹುಮಟ್ಟಿಗೆ ತಾನಾಗಿಯೇ ನಡೆದುಹೋಗುತ್ತದೆ.

ನನ್ನ ವಾದದ ತಿರುಳು ಇಲ್ಲಿದೆ. ಬದುವಿನ ಆಚೆ ನಿಂತು ಬೋರನ್ನು ನೋಡುವ ಕಣ್ಣೂ, ಮಡೆಯ ಬಳಿ ನಿಂತು ನೀರನ್ನು ನೋಡುವ ಕಣ್ಣೂ ಒಂದೇ. ಎರಡರ ಹಿಂದೆಯೂ ಇರುವುದು ‘ಅವನಿಗೆಷ್ಟು, ನನಗೆಷ್ಟು’ ಎಂಬ ಅದೇ ಕುದಿ. ಪಾಲು ಗೊತ್ತಿದ್ದು ನೀರು ಕಣ್ಣಿಗೆ ಕಾಣುವಲ್ಲಿ ಆ ನೋಟ ಕಾವಲಾಗುತ್ತದೆ. ಪಾಲು ಗೊತ್ತಿಲ್ಲದೆ ನೀರು ಕಣ್ಣಿಗೆ ಬೀಳದ ಕಡೆ ಅದೇ ನೋಟ ಬೋರಿನ ಲಾರಿಯನ್ನು ಕರೆಸುತ್ತದೆ.

ಎಲ್ಲ ಕೂಗೂ ಹೊಟ್ಟೆಕಿಚ್ಚಲ್ಲ

ಇಲ್ಲೊಂದು ಎಚ್ಚರ ಅಗತ್ಯ. ಹತ್ತು ಬೋರು ಹಾಕಿಸುವ ಶಕ್ತಿಯುಳ್ಳವನನ್ನು ಒಂದು ಬೋರೂ ಇಲ್ಲದವನು ಪ್ರಶ್ನಿಸಿದರೆ “ಅವನಿಗೆ ಹೊಟ್ಟೆಕಿಚ್ಚು” ಎಂದು ಬಾಯಿ ಮುಚ್ಚಿಸುವುದು ಬಹಳ ಸುಲಭ. ಉಳ್ಳವರು ಯಾವಾಗಲೂ ಈ ಮಾತನ್ನು ಗುರಾಣಿಯಂತೆ ಹಿಡಿದಿದ್ದಾರೆ. ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್ 1971ರ ತಮ್ಮ ನ್ಯಾಯಮೀಮಾಂಸೆಯಲ್ಲಿ ಅಸೂಯೆಗೂ ಅನ್ಯಾಯದ ವಿರುದ್ಧದ ಸಿಟ್ಟಿಗೂ ಇರುವ ವ್ಯತ್ಯಾಸವನ್ನು ವಿವರಿಸಿದರು. ಅನ್ಯಾಯದಿಂದ ತನಗೆ ನಷ್ಟವಾಗಿದೆ ಎಂಬ ಸಿಟ್ಟಿಗೆ ನೈತಿಕ ಆಧಾರವಿದೆ, ಅಸೂಯೆಗೆ ಅದಿಲ್ಲ. ಅಸಮಾನತೆ ಮಿತಿಮೀರಿ, ಮನುಷ್ಯನ ಸ್ವಾಭಿಮಾನಕ್ಕೇ ಪೆಟ್ಟು ಬಿದ್ದಾಗ ಹುಟ್ಟುವ ಅಸೂಯೆ ಕ್ಷಮಾರ್ಹ ಎಂದೂ ಅವರು ಒಪ್ಪಿದರು.

ದೇಶಗಳ ನಡುವೆಯೂ ಇದೇ ವ್ಯಾಜ್ಯ. ಅಮೆರಿಕದಲ್ಲಿ ತಲೆಗೆ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್ ಹೊರಬಿದ್ದರೆ ಭಾರತದಲ್ಲಿ ಅದು ಸುಮಾರು 2 ಟನ್. ಬಡ ದೇಶಗಳು ತಮ್ಮ ನ್ಯಾಯವಾದ ಪಾಲು ಕೇಳಿದರೆ ಅದು ಕರುಬುವಿಕೆಯಲ್ಲ. ಹಾಗೆಂದು ಸಿರಿವಂತ ದೇಶಗಳು ಬೀಸಿ ಎಸೆದಷ್ಟನ್ನು ನಾವೂ ಎಸೆದೇ ತೀರುತ್ತೇವೆ ಎಂದು ಹೊರಟರೆ ಅದು ಪಾಲು ಕೇಳುವುದನ್ನು ಬಿಟ್ಟು ಪಾತ್ರೆಯನ್ನೇ ಒಡೆಯಲು ಹೊರಟಂತೆ. ನಮ್ಮ ಸಿಟ್ಟು ಯಾವ ಕಡೆಗೆ ಹೊರಟಿದೆ ಎಂಬುದನ್ನು ಅದು ಕೊನೆಗೆ ಏನನ್ನು ಕೇಳುತ್ತದೆ ಎಂಬುದರಿಂದಲೇ ತಿಳಿಯಬೇಕು.

ಗೋಡೆಯ ಮೇಲಿನ ಲೆಕ್ಕ

ಬೋರಿನ ನೀರನ್ನು ಕಣ್ಣಿಗೆ ಕಾಣಿಸುವುದು ಹೇಗೆ? ನಮ್ಮ ನೆರೆಯಲ್ಲೇ ಉತ್ತರವಿದೆ. ಆಗಿನ ಅವಿಭಜಿತ ಆಂಧ್ರಪ್ರದೇಶದ ಏಳು ಬರಪೀಡಿತ ಜಿಲ್ಲೆಗಳಲ್ಲಿ 2003ರ ಸುಮಾರಿಗೆ ಶುರುವಾದ ರೈತ ನಿರ್ವಹಣೆಯ ಅಂತರ್ಜಲ ಯೋಜನೆಯಲ್ಲಿ ಹಳ್ಳಿಯ ಗಂಡಸರು, ಹೆಂಗಸರು ತಾವೇ ಮಳೆ ಅಳೆದರು, ಬೋರುಗಳಿಗೆ ಟೇಪು ಇಳಿಸಿ ನೀರಿನ ಮಟ್ಟ ನೋಡಿದರು, ಬಂದ ಅಂಕಿಗಳನ್ನು ಊರ ಗೋಡೆಯ ಮೇಲೆ ಬರೆದರು. ಹಿಂಗಾರಿಗೆ ಮುಂಚೆ ಸಭೆ ಕೂಡಿ, ಇರುವ ನೀರು ಇಷ್ಟು, ಬೆಳೆಗಳಿಗೆ ಬೇಕಾದದ್ದು ಇಷ್ಟು ಎಂದು ಲೆಕ್ಕ ಹಾಕಿದರು. ಯಾರ ಬೋರನ್ನೂ ಮುಚ್ಚಿಸಲಿಲ್ಲ, ಯಾರಿಗೂ ದಂಡ ಹಾಕಲಿಲ್ಲ. ಲೆಕ್ಕ ಕಂಡವರು ಎಷ್ಟೋ ಕಡೆ ತಾವಾಗಿಯೇ ಭತ್ತ ಬಿಟ್ಟು ಕಡಿಮೆ ನೀರಿನ ಬೆಳೆಗೆ ಹೊರಳಿದರು.

ಮಹಾರಾಷ್ಟ್ರದ ಹಿವ್ರೆ ಬಜಾರ್ ಇನ್ನೂ ಮುಂದೆ ಹೋಯಿತು. 1989ರಲ್ಲಿ ಪೋಪಟ್‌ರಾವ್ ಪವಾರ್ ಸರಪಂಚರಾದಾಗ ಅದು ಜನ ಗುಳೆ ಹೋಗುತ್ತಿದ್ದ ಊರು. ಬದು ಹಾಕಿ, ಗಿಡ ನೆಟ್ಟು ನೀರು ಇಂಗಿಸಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ನನಗೆ ಮುಖ್ಯವಾಗಿ ಕಾಣುವುದು ಅವರು ತಾವೇ ಹಾಕಿಕೊಂಡ ಕಟ್ಟುಗಳು. ನೀರಾವರಿಗೆ ಬೋರ್‌ವೆಲ್ ಯಾರೂ ಕೊರೆಸುವಂತಿಲ್ಲ. ಕಬ್ಬು, ಬಾಳೆಯಂಥ ನೀರು ಕುಡಿಯುವ ಬೆಳೆ ಬೇಡ. ಪ್ರತಿ ವರ್ಷ ಮಳೆಯ ಲೆಕ್ಕ ನೋಡಿ ಬೆಳೆ ತೀರ್ಮಾನಿಸಬೇಕು. ನೀರು ಸಿಕ್ಕಿದ ಮೇಲೂ ಕಟ್ಟು ಸಡಿಲಿಸದೆ ಇದ್ದುದರಿಂದಲೇ ಆ ನೀರು ಉಳಿಯಿತು.

ಅಂಕಿ ತೋರಿಸಿದರೆ ಸಾಕೆಂದು ನಂಬಿ ಕೂರುವಂತೆಯೂ ಇಲ್ಲ. ಕ್ಯಾಲಿಫೋರ್ನಿಯದ ಸ್ಯಾನ್ ಮಾರ್ಕಸ್ ಊರಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 290 ಮನೆಗಳವರಿಗೆ ನೆರೆಹೊರೆಯ ಸರಾಸರಿ ವಿದ್ಯುತ್ ಬಳಕೆಯನ್ನು ತಿಳಿಸಲಾಯಿತು. ಹೆಚ್ಚು ಬಳಸುತ್ತಿದ್ದವರು ಕಡಿಮೆ ಮಾಡಿದರು. ಕಡಿಮೆ ಬಳಸುತ್ತಿದ್ದವರು ಮಾತ್ರ, ಉಳಿದವರೆಲ್ಲ ಇಷ್ಟು ಸುಡುತ್ತಿದ್ದಾರೆಂದು ತಿಳಿದು ತಾವೂ ಹೆಚ್ಚಿಸಿದರು. ಕಡಿಮೆ ಬಳಸಿದವರ ಚೀಟಿಯಲ್ಲಿ ಒಂದು ನಗುಮುಖ ಬರೆದು ಮೆಚ್ಚುಗೆ ತೋರಿಸಿದಾಗ ಅವರು ಕಡಿಮೆಯಲ್ಲೇ ಉಳಿದರು. ಹೋಲಿಕೆ ಎರಡು ಅಲಗಿನ ಕತ್ತಿ. ಮಿತವಾಗಿ ಬಾಳಿದವನಿಗೆ ಊರು ಗೌರವ ಕೊಡದಿದ್ದರೆ ಅವನೂ ಓಟಕ್ಕೆ ಇಳಿಯುತ್ತಾನೆ. ನಮ್ಮ ಊರುಗಳಲ್ಲಿ ಇಂದು ಗೌರವ ಯಾರಿಗೆ? ಹೆಚ್ಚು ಆಳಕ್ಕೆ ಕೊರೆಸಿದವನಿಗೆ, ಹೆಚ್ಚು ನೀರು ಎಳೆದವನಿಗೆ. ರಾಗಿ, ಹುರುಳಿ ಬೆಳೆದು ನೀರು ಉಳಿಸಿದವನನ್ನು ಯಾವ ವೇದಿಕೆಗೆ ಕರೆದಿದ್ದೇವೆ?

ನಾವು ಮಾಡಬೇಕಾದದ್ದು

2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ನೀರಿನ ಗುಣಮಟ್ಟದ ಬಗ್ಗೆ ಎದ್ದಿರುವ ಪ್ರಶ್ನೆಗಳಿಗೆ ಸರ್ಕಾರ ಉತ್ತರ ಕೊಡಲೇಬೇಕು. ಅದರ ಜೊತೆಗೆ ಊರಿನವರು ತಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಒಂದಿದೆ. ಕೆರೆ ತುಂಬಿ ಸುತ್ತಲ ಬೋರುಗಳಲ್ಲಿ ನೀರು ಏರಿದ ಕೂಡಲೇ ಹಳೆಯ ಹಠವೂ ಏಳುತ್ತದೆ. ಆ ಹಠವನ್ನು ಹಾಗೆಯೇ ಬಿಟ್ಟರೆ ಎಷ್ಟು ದೂರದಿಂದ, ಎಷ್ಟು ಕೋಟಿ ಸುರಿದು ನೀರು ತಂದರೂ ಅದು ಸಾಲದು.

2019ರ ಡಿಸೆಂಬರ್‌ನಲ್ಲಿ ಏಳು ರಾಜ್ಯಗಳಿಗೆ ಬಂದ ಅಟಲ್ ಭೂಜಲ ಯೋಜನೆಯಲ್ಲಿ ಕರ್ನಾಟಕವೂ ಸೇರಿತ್ತು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ನೀರಿನ ಆಯವ್ಯಯ ತಯಾರಿಸುವುದು ಅದರ ಒಂದು ಅಂಗವಾಗಿತ್ತು. ಅಧಿಕಾರಿಗಳ ಕಡತದಲ್ಲಿ ಕೂರುವ ಆಯವ್ಯಯದಿಂದ ಏನೂ ಆಗದು. ಅದನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬೇಕು, ಪಂಚಾಯಿತಿ ಗೋಡೆಯ ಮೇಲೆ ಬರೆಯಬೇಕು. ಹೊಸ ಬೋರು ಕೊರೆಸುವವರು ಅಕ್ಕಪಕ್ಕದ ಹೊಲದವರ ಎದುರು ಸಭೆಯಲ್ಲಿ ಕೇಳಿ ಕೊರೆಸುವಂತಾಗಬೇಕು. ಅಕ್ಕಪಕ್ಕದ ನಾಲ್ಕು ಮನೆಯವರು ಒಂದೇ ಬೋರಿನಿಂದ ಸರದಿಯಲ್ಲಿ ನೀರು ಹಾಯಿಸಿಕೊಳ್ಳಲು ಮುಂದೆ ಬಂದರೆ ಸರ್ಕಾರದ ನೆರವು ಮೊದಲು ಅವರಿಗೆ ಸಿಗಬೇಕು. ಜಮೀನಿಲ್ಲದವರಿಗೆ ಕುಡಿಯುವ ನೀರಿನ ಪಾಲು ಎಲ್ಲಕ್ಕಿಂತ ಮೊದಲು ಎತ್ತಿಡಬೇಕು. ನೀರು ಉಳಿಸಿದವರ ಹೆಸರನ್ನು ಊರ ಜಾತ್ರೆಯಲ್ಲಿ ಕರೆದು ಹೇಳಬೇಕು. ಇವುಗಳಲ್ಲಿ ಒಂದಕ್ಕೂ ಹೊಸ ಯಂತ್ರ ಬೇಕಿಲ್ಲ.

ಮತ್ಸರ ಬಿಡಿ ಎಂದು ಉಪದೇಶಿಸಿದವರು ಈ ನೆಲದಲ್ಲಿ ಕಡಿಮೆಯಿಲ್ಲ. ಅವರ ಮಾತಿಗೆ ತಲೆಬಾಗುತ್ತೇನೆ. ಮನಸ್ಸನ್ನು ತಿದ್ದುವ ಕೆಲಸ ಒಬ್ಬೊಬ್ಬರೊಳಗೂ ನಡೆಯಬೇಕು, ಅದಕ್ಕೆ ಒಂದು ಜನ್ಮ ಹಿಡಿಯಬಹುದು. ಅಂತರ್ಜಲಕ್ಕೆ ಅಷ್ಟು ಸಮಯವಿಲ್ಲ. ಆದ್ದರಿಂದ ಪಾಲನ್ನು ಮೊದಲು ತಿದ್ದೋಣ. ಪಾಲು ನ್ಯಾಯವಾಗಿದ್ದು ಲೆಕ್ಕ ಎಲ್ಲರ ಕಣ್ಣೆದುರು ಇದ್ದರೆ, ನಮ್ಮಂಥ ಸಾಧಾರಣ ಜನರೂ, ಕರುಬುವ ಸ್ವಭಾವವನ್ನು ಪೂರ್ತಿ ಗೆಲ್ಲಲಾಗದವರೂ, ಒಂದು ಕೆರೆಯನ್ನು ಕಾಯಬಲ್ಲರು. ಪರಿಸರವನ್ನು ಉಳಿಸಲು ಊರಿನವರೆಲ್ಲ ಸಂತರಾಗಬೇಕಾಗಿಲ್ಲ, ಒಟ್ಟಿಗೆ ಕೂತು ಲೆಕ್ಕ ಹಾಕಲು ಒಪ್ಪಿದರೆ ಸಾಕು.